ಅರಿಶಿನ ಕುಂಕುಮದ ಬಾಬ್ತು

ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಪತ್ರ ಬರಹಗಾರರ ಅಂಗಡಿಗಳಿರುತ್ತವೆ. ಅಲ್ಲಿ ಟೈಪಾಗುವ ಹಕ್ಕು ಬಿಡುಗಡೆ ಪತ್ರವನ್ನು ನಾವು ಗಮನವಿಟ್ಟು ಓದುವುದೇ ಇಲ್ಲ. ಪತ್ರ ‘ನಾನು’ ಎಂದು ಮಾತಾಡುತ್ತದೆ. ಇಂಥವರ ಮಗಳು, ಇಂಥವರ ಹೆಂಡತಿ. ತವರಿನವರು ಯಥಾಶಕ್ತಿ ಖರ್ಚು ಮಾಡಿ ಮದುವೆ ಮಾಡಿಕೊಟ್ಟಿದ್ದಾರೆ. ಅರಿಶಿನ ಕುಂಕುಮದ ಬಾಬ್ತು ಇಷ್ಟು ಹಣ ಮುಟ್ಟಿದೆ. ಇನ್ನು ಈ ಸ್ವತ್ತಿನಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇಲ್ಲ. ಯಾರ ಬಲವಂತವೂ ಇಲ್ಲದೆ ಬರೆದುಕೊಟ್ಟಿದ್ದೇನೆ. ಕೊನೆಗೆ ಷೆಡ್ಯೂಲು: ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ. ನಾನು ಓದಿದ ಇಂಥ ಪತ್ರಗಳಲ್ಲಿ ಆ ‘ನಾನು’ ಎಂಬ ಹೆಂಗಸು ಬಾಯಿಬಿಟ್ಟು ಆಡಿದ ಒಂದೇ ಒಂದು ಮಾತು ನನಗೆ ಸಿಕ್ಕಿಲ್ಲ.

2007ರಲ್ಲಿ ನಮ್ಮ ಸೋದರತ್ತೆ ಹೆಬ್ಬೆಟ್ಟು ಒತ್ತಿದ ದಿನ ನಾನು ಜೊತೆಗಿದ್ದೆ. ಪಿಯುಸಿಗೆ ರಜೆ ಇತ್ತು, ಕಾರಿನಲ್ಲಿ ಹೋಗುವ ಆಸೆಗೆ ಹೊರಟಿದ್ದೆ. ಬೆಳಗ್ಗೆ ಏಳಕ್ಕೇ ಅವರ ಊರಿಗೆ ಬಾಡಿಗೆ ಕಾರು ಹೋಯಿತು. ಅಮ್ಮ ತಟ್ಟೆಯಲ್ಲಿ ರೇಷ್ಮೆ ಸೀರೆ, ಎಲೆ ಅಡಿಕೆ, ಬಾಳೆಹಣ್ಣು ಇಟ್ಟುಕೊಂಡಿದ್ದರು. “ಅಕ್ಕ, ಒಂದು ಸಣ್ಣ ಸೈನು” ಎಂದರು ಅಪ್ಪ. ಕಚೇರಿಯಲ್ಲಿ ಕಂಪ್ಯೂಟರಿನವನು ಫೋಟೊ ತೆಗೆಯುವಾಗ ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. “ಮುಖ ಕಾಣಬೇಕಮ್ಮ” ಎಂದು ಅವನು ಸರಿಸಿದ. ಗಾಜಿನ ಮೇಲೆ ಬೆರಳು ಮೂಡಲಿಲ್ಲ. ಹುಲ್ಲು ಕುಯ್ದು ಕುಯ್ದು ಗೆರೆಗಳೇ ಸವೆದಿದ್ದವು. ಸೆರಗಿನಲ್ಲಿ ಒರೆಸಿ ಮೂರನೇ ಸಲ ಒತ್ತಿದ ಮೇಲೆ ಹಿಡಿಯಿತು. ಅಧಿಕಾರಿ “ಒಪ್ಪಿಗೆ ಇದೆಯೇನಮ್ಮಾ?” ಎಂದು ಕೇಳಿದರು. ಅತ್ತೆ ಅಪ್ಪನ ಮುಖ ನೋಡಿ ಹೂಂ ಎಂದರು. ಅಷ್ಟೇ.

ಆ ಸೈನು ಯಾಕೆ ಬೇಕಾಯಿತು ಎಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಂತೆ ಹುಟ್ಟಿನ ಹಕ್ಕು ಕೊಡಲಿಲ್ಲ. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ಅತ್ತೆಯ ಮದುವೆಯಾದದ್ದು 1986ರಲ್ಲಿ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಗೆರೆಯನ್ನು ಅಳಿಸಿತು. ಮರುವರ್ಷ ತಾತ ತೀರಿಕೊಂಡರು. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಏಳುತ್ತಿತ್ತು, ನಮ್ಮ ನಾಲ್ಕು ಎಕರೆ ಅದರಿಂದ ಬಹಳ ದೂರವಿರಲಿಲ್ಲ. ಕೊಳ್ಳುವವನ ವಕೀಲ ವಂಶವೃಕ್ಷ ತರಿಸಿ ನೋಡಿ, ಹೆಣ್ಣುಮಗಳ ಸೈನಿಲ್ಲದೆ ಆಗುವುದಿಲ್ಲ ಎಂದ. ಕಾನೂನು ಹಕ್ಕು ಕೊಟ್ಟ ಮೇಲೆ ಅತ್ತೆಯ ಬಾಳಿನಲ್ಲಿ ಮೊದಲು ಆದದ್ದೆಂದರೆ ಅವರ ಬಾಗಿಲಿಗೆ ಕಾರು ಬಂದದ್ದು.

ಒಡಹುಟ್ಟಿದ ಮೂರು ಜನಕ್ಕೆ ಸಮನಾಗಿ ಹಂಚಿದ್ದರೆ ಅತ್ತೆಯ ಪಾಲು ಒಂದು ಎಕರೆ ಹದಿಮೂರು ಗುಂಟೆ. ಪತ್ರದಲ್ಲಿ ಬರೆದದ್ದು ಐವತ್ತು ಸಾವಿರ ರೂಪಾಯಿ. ಮಾರನೆಯ ವರ್ಷ ನಿಲ್ದಾಣ ಶುರುವಾಯಿತು, ಜಮೀನು ಲೇಔಟಿನವರ ಪಾಲಾಯಿತು, ಲೆಕ್ಕ ಕೋಟಿಗಳಲ್ಲಿ ನಡೆಯಿತು. ನಾನು ಇಂಜಿನಿಯರಿಂಗ್ ಓದಿದ್ದು ಅದೇ ದುಡ್ಡಿನಲ್ಲಿ. ನನ್ನ ಓರಗೆಯ ಅತ್ತೆಯ ಮಗಳು ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಾಳೆ. ಒಂದೇ ಅಜ್ಜಿಯ ಮಡಿಲಲ್ಲಿ ಬೆಳೆದವರು ನಾವು. ಈಗ ಅವಳು ನಮ್ಮ ಮನೆಗೆ ಬಂದರೆ ಸೋಫಾದ ತುದಿಯಲ್ಲಿ ಕೂರುತ್ತಾಳೆ. ಬಡವರು, ಸ್ಥಿತಿವಂತರು ಅಂದಾಗ ನಮಗೆ ಬೇರೆ ಬೇರೆ ಜಾತಿ, ಬೇರೆ ಬೇರೆ ಕೇರಿ ನೆನಪಾಗುತ್ತವೆ. ನಮ್ಮ ಮನೆಯಲ್ಲಿ ಆ ಗೋಡೆ ಎದ್ದದ್ದು ಒಡಹುಟ್ಟಿದವರ ನಡುವೆ, ಛಾಪಾ ಕಾಗದದ ಮೇಲೆ.

ಈ ಪತ್ರದ ಪರವಾಗಿ ಹೇಳುವ ಮಾತುಗಳನ್ನು ನಾನು ಹಗುರವಾಗಿ ನೋಡಿಲ್ಲ. ಮದುವೆಗೆ ಖರ್ಚು ಮಾಡಿದ್ದೇ ಅವಳ ಪಾಲು ಎನ್ನುತ್ತಾರೆ. ಗಂಡುಮಕ್ಕಳ ಓದಿಗೂ ಮದುವೆಗೂ ಅದೇ ಕಣಜದಿಂದ ತೆಗೆದದ್ದು. ಅದನ್ನು ಅವರ ಪಾಲಿನಿಂದ ಕಳೆದ ಮನೆಯನ್ನು ನಾನಿನ್ನೂ ಕಂಡಿಲ್ಲ. ಅಪ್ಪ ಅಮ್ಮನನ್ನು ನೋಡಿಕೊಂಡದ್ದು ಗಂಡುಮಕ್ಕಳು ಎನ್ನುತ್ತಾರೆ. ಉತ್ತವನಿಗೆ, ಸಾಕಿದವನಿಗೆ ಹೆಚ್ಚು ಸಲ್ಲಬೇಕೆಂಬುದು ನ್ಯಾಯವೇ. ಹಾಗಾದರೆ ಅದನ್ನೇ ಲೆಕ್ಕವಾಗಿ ಬರೆಯಲಿ. ಅಜ್ಜಿ ಹಾಸಿಗೆ ಹಿಡಿದಾಗ ಐದು ತಿಂಗಳು ಬಂದಿದ್ದು ಮಲ ಮೂತ್ರ ಬಳಿದವರು ಅತ್ತೆ, ಆ ಐದು ತಿಂಗಳೂ ಲೆಕ್ಕಕ್ಕೆ ಬರಲಿ.

ನನಗೆ ಉತ್ತರಿಸಲು ಕಷ್ಟವಾಗುವುದು ಇನ್ನೊಂದು ಮಾತು: “ಪಾಲು ಕೇಳಿದರೆ ತವರು ಹೋಗುತ್ತೆ.” ಇದು ಬರೀ ಬೆದರಿಕೆಯಲ್ಲ, ನಿಜ. ಗೌರಿ ಹಬ್ಬಕ್ಕೆ ಬಾಗಿನ ಬರುವುದು ನಿಲ್ಲುತ್ತದೆ, ಮಗಳ ಮದುವೆಗೆ ಸೋದರಮಾವ ಬರುವುದಿಲ್ಲ. ಗಂಡನ ಮನೆಯಲ್ಲಿ ತನ್ನ ಹೆಸರಿಗೆ ಏನೂ ಇಲ್ಲದವಳಿಗೆ ಕಷ್ಟಕಾಲಕ್ಕೆ ಓಡಿಬರಲು ಇರುವುದು ತವರಿನ ಬಾಗಿಲೊಂದೇ. ಸೈನು ಹಾಕಿದವಳು ಪೆದ್ದಿ ಎನ್ನುವವರಿಗೆ ಈ ಭಯದ ತೂಕ ಗೊತ್ತಿಲ್ಲ. ಅತ್ತೆ ತಮ್ಮ ಬುದ್ಧಿಗೆ ತಕ್ಕ ಲೆಕ್ಕವನ್ನೇ ಹಾಕಿದ್ದರು. ತಪ್ಪು ಅವರ ಲೆಕ್ಕದಲ್ಲಿಲ್ಲ. ಅಕ್ಕರೆಗೂ ಬೆಲೆ ಕಟ್ಟಿ ಅವರ ಮುಂದಿಟ್ಟವರು ನಾವು.

ಉಳ್ಳ ಹೆಣ್ಣುಮಕ್ಕಳ ಬಗ್ಗೆ ನನಗೆ ಬೇರೆಯದೇ ದೂರಿದೆ. ಪರಿಚಯದ ಒಂದು ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ಕಿರಿಯವಳು ಅಮೆರಿಕದಲ್ಲಿದ್ದಾಳೆ. ಅಣ್ಣ ಫೋನು ಮಾಡಿದಾಗ “ನನಗೇನೂ ಬೇಡಣ್ಣ” ಎಂದು, ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಅಧಿಕಾರಪತ್ರಕ್ಕೆ ಸಹಿ ಮಾಡಿ ಕಳಿಸಿದಳು. ಒಳ್ಳೆಯ ಮನಸ್ಸಿನಿಂದಲೇ ಮಾಡಿದಳು. ನಡುವಿನವಳು ವಿಧವೆ, ಹೂ ಕಟ್ಟಿ ಮಾರುತ್ತಾಳೆ. “ಅವಳೇ ಬೇಡ ಅಂದಳು, ನಿನಗ್ಯಾಕೆ ಇಷ್ಟು ಆಸೆ?” ಎಂದು ಮನೆಯವರೆಲ್ಲ ಕೇಳಿದರು. ಎರಡು ವಾರ ತಡೆದುಕೊಂಡು ಅವಳೂ ಒತ್ತಿದಳು. ಬೇಡ ಎನ್ನಲು ಶಕ್ತಿ ಇರುವವರು ಒಂದು ಕ್ಷಣ ನಿಂತು ನೋಡಬೇಕು. ಪಾಲು ಬೇಡವಾದರೆ ಅದನ್ನು ಅಣ್ಣನ ಹೆಸರಿಗೇ ಯಾಕೆ ಬಿಡಬೇಕು? ತೆಗೆದುಕೊಂಡು ಅಕ್ಕನ ಹೆಸರಿಗೆ ದಾನಪತ್ರ ಮಾಡಬಹುದಲ್ಲ.

ಕೋರ್ಟುಗಳು ತಮ್ಮ ಕೆಲಸ ಮಾಡಿವೆ. 2018ರಲ್ಲಿ ನಮ್ಮ ರಾಜ್ಯದ್ದೇ ಆದ ದಾನಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೆಣ್ಣುಮಕ್ಕಳಿಗೆ ಪಾಲು ಕೊಡಿಸಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ, 2005ರಲ್ಲಿ ತಂದೆ ಬದುಕಿರಲೇಬೇಕು ಎಂದೇನಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. ಬಾಯಿಮಾತಿನಲ್ಲಿ ಹಿಂದೆಯೇ ಪಾಲಾಗಿತ್ತು ಎಂಬ ವಾದವನ್ನೂ ಸುಲಭಕ್ಕೆ ಒಪ್ಪಬಾರದು ಎಂದಿತು. ಆದರೆ ನೋಂದಣಿಯಾದ ಬಿಡುಗಡೆ ಪತ್ರದ ಎದುರು ಈ ತೀರ್ಪುಗಳು ಕೈಕಟ್ಟಿ ನಿಲ್ಲುತ್ತವೆ. ಮೋಸವಾಗಿದೆ ಎನ್ನುವುದಾದರೆ ಅದು ತಿಳಿದ ಮೂರು ವರ್ಷದೊಳಗೆ ಸೈನು ಹಾಕಿದವಳು ದಾವೆ ಹೂಡಬೇಕು, ಸಾಬೀತು ಮಾಡುವ ಹೊರೆಯೂ ಸಾಮಾನ್ಯವಾಗಿ ಅವಳದೇ. ತಮ್ಮನ ಮೇಲೆ ಕೋರ್ಟಿಗೆ ಹೋಗುವ ಅಕ್ಕ ಎಷ್ಟು ಊರಿನಲ್ಲಿ ಸಿಕ್ಕಾಳು?

ಕುಟುಂಬದೊಳಗಿನ ಬಿಡುಗಡೆಗೆ ಮುದ್ರಾಂಕ ಶುಲ್ಕ ಸಣ್ಣ ನಿಗದಿತ ಮೊತ್ತ. ಮನೆಯವರಿಗೆ ಹೊರೆಯಾಗದಿರಲಿ ಎಂದು ಮಾಡಿದ ಈ ಅನುಕೂಲ ಒಳ್ಳೆಯದೇ. ಆದರೆ ಇದರಿಂದಾಗಿ ಬಿಟ್ಟುಕೊಡುವ ಆಸ್ತಿಯ ಬೆಲೆ ಎಷ್ಟು ಎಂಬ ಮಾತನ್ನು ಸೈನು ಹಾಕುವವಳ ಮುಂದೆ ಯಾರೂ ಎತ್ತಬೇಕಾಗಿಲ್ಲ. ಸಬ್ ರಿಜಿಸ್ಟ್ರಾರ್ ಅಣ್ಣತಮ್ಮಂದಿರನ್ನು ಹೊರಗೆ ಕೂರಿಸಿ, ಷೆಡ್ಯೂಲನ್ನು ಅವಳಿಗೆ ಓದಿ ಹೇಳಿ, ಸರ್ಕಾರದ ಮಾರ್ಗಸೂಚಿ ದರದಲ್ಲಿ ಅವಳ ಪಾಲಿನ ಬೆಲೆ ಇಷ್ಟಾಗುತ್ತದೆ ಎಂದು ತಿಳಿಸಿ, ಆಮೇಲೆ ಒಪ್ಪಿಗೆ ಕೇಳಲಿ. ಹತ್ತು ನಿಮಿಷದ ಕೆಲಸ. ಅದಾದ ಮೇಲೂ ಅವಳು ಬಿಟ್ಟುಕೊಟ್ಟರೆ ಆಗ ಅದು ಕೊಡುಗೆ. ಆಗ ಅವಳ ಕಾಲು ಮುಟ್ಟಿ ತೆಗೆದುಕೊಳ್ಳಬೇಕು.

ಕಳೆದ ದೀಪಾವಳಿಗೆ ಪತ್ರದ ದೃಢೀಕೃತ ನಕಲು ತೆಗೆಸಿ ಅತ್ತೆಯ ಮನೆಗೆ ಹೋಗಿದ್ದೆ. ಅಪ್ಪನಿಗೆ ಹೇಳಿಯೇ ಹೋಗಿದ್ದೆ, ಅವರು ತಲೆ ಎತ್ತಲಿಲ್ಲ. ಜಗುಲಿಯ ಮೇಲೆ ಕೂತು ಮೊದಲಿಂದ ಓದಿದೆ. ಅತ್ತೆ ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದರು. ಐವತ್ತು ಸಾವಿರ ಬಂದಾಗ ತಲೆಯಾಡಿಸಿದರು. ಷೆಡ್ಯೂಲು ಬಂತು. ಪೂರ್ವಕ್ಕೆ ಬಂಡಿ ದಾರಿ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಾವಿ. ಅತ್ತೆಯ ಕೈ ನಿಂತಿತು.

“ಬಾವಿ ಪಕ್ಕದ ಹುಣಸೆಮರದ ಹೊಲಾನೂ ಇದರಲ್ಲಿ ಇತ್ತೇನೆ?” ಎಂದರು. “ನಾನು ಮೇಲಿನ ಬೀಳು ಒಂದೇ ಅಂದ್ಕೊಂಡಿದ್ದೆ ಕಣಮ್ಮ.”