ಅರಬ್ಬಿ ಮಾತಿನ ಬೀಳ್ಕೊಡುಗೆ

ಅರಬ್ಬಿ ಆಡುನುಡಿಗಳಲ್ಲಿ ವಿದಾಯವೆಂಬುದು ಒಬ್ಬರೇ ಆಡಿ ಮುಗಿಸುವ ಮಾತಲ್ಲ. ಸಿರಿಯಾ, ಲೆಬನಾನ್ ಕಡೆಯ ಮನೆಗಳಲ್ಲಿ ಹೊರಟುನಿಂತ ಅತಿಥಿಯು ಅಪ್ಪಣೆ ಬೇಡುವ ಧಾಟಿಯಲ್ಲಿ ‘ಬ್ಖಾತ್ರಕ್’ (ಎದುರಿಗಿರುವವರು ಹೆಂಗಸಾದರೆ ‘ಬ್ಖಾತ್ರಿಕ್’) ಎಂದರೆ, ಉಳಿಯುವವರು ಕ್ಷೇಮವಾಗಿ ಹೋಗಿಬನ್ನಿ ಎಂಬರ್ಥದ ‘ಮಅ ಸ್ಸಲಾಮೆ’ಯಿಂದ ಹಾರೈಸುತ್ತಾರೆ, ಆ ಹಾರೈಕೆಗೆ ಅತಿಥಿಯು ದೇವರು ನಿಮ್ಮನ್ನು ಕ್ಷೇಮವಾಗಿಡಲಿ ಎನ್ನುವ ‘ಅಲ್ಲಾ ಯ್ಸಲ್ಮಕ್’ ಅನ್ನು ಮರಳಿಸುತ್ತಾರೆ. ಹೋಗುವವರಿಗೂ ಉಳಿಯುವವರಿಗೂ ಬೇರೆಬೇರೆ ಮಾತನ್ನು ಗೊತ್ತುಮಾಡಿ, ಹರಸಿದವರನ್ನು ಬರಿಗೈಯಲ್ಲಿ ಬಿಡದ ಈ ಏರ್ಪಾಡಿನ ಸೊಬಗು ಅಸಾಧಾರಣವಾದುದು. ಮೊರಾಕ್ಕೊದವರು ‘ಬ್ಸ್ಲಾಮಾ’ ಎಂದು ಚುಟುಕಾಗಿ ಮುಗಿಸುತ್ತಾರೆ. ಈಜಿಪ್ಟಿನಲ್ಲಿ ರಾತ್ರಿ ಅಗಲುವಾಗ, ಒಳಿತಿನೊಂದಿಗೆ ಬೆಳಗು ಕಾಣು ಎಂಬರ್ಥದ ‘ತಿಸ್ಬಹ್ ಅಲಾ ಖೇರ್’ ಎಂಬ ಮಾತಿಗೆ, ನೀನೂ ಆ ಒಳಿತಿನ ಬಳಗದವನೇ ಎಂದು ಸಾರುವ ‘ವ ಇಂತ ಮಿನ್ ಅಹ್ಲು’ ಎಂಬ ಉತ್ತರ ಸಿದ್ಧವಾಗಿರುತ್ತದೆ.