ನಕಲಿನಲ್ಲಿ ಕಳೆದ ಭಯ

ಭಯಾನಕ ರಸ ಎಲ್ಲಿ ನೆಲೆಸಿದೆ? ಕತ್ತಲೆಯ ಮನೆಯಲ್ಲೋ, ಚೂರಿಯ ಅಲಗಿನಲ್ಲೋ, ನೋಡುವವನ ಮನಸ್ಸಿನಲ್ಲೋ? ಅಮೆರಿಕದ ನಿರ್ದೇಶಕ ಗಸ್ ವ್ಯಾನ್ ಸಾಂಟ್ 1998ರಲ್ಲಿ ತೆಗೆದ ‘ಸೈಕೋ’ ಚಿತ್ರವನ್ನು ನೋಡಿದ ಮೇಲೆ ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ನಮಗೆ ವಿಧಿಯಿಲ್ಲವಾಯಿತು.

ಆಲ್‌ಫ್ರೆಡ್ ಹಿಚ್‌ಕಾಕ್ 1960ರಲ್ಲಿ ನಿರ್ಮಿಸಿದ ಅದೇ ಹೆಸರಿನ ಚಿತ್ರದ ಪ್ರತಿಯಿದು. ಜೋಸೆಫ್ ಸ್ಟೆಫಾನೋ ಬರೆದ ಚಿತ್ರಕಥೆ ಅದೇ. ಬರ್ನಾರ್ಡ್ ಹರ್ಮನ್ ಅವರ ತಂತಿವಾದ್ಯಗಳ ಸಂಗೀತವೂ ಅದೇ. ದೃಶ್ಯಗಳ ಜೋಡಣೆಯೂ ಬಹುಮಟ್ಟಿಗೆ ಅದೇ. ಕಪ್ಪು-ಬಿಳುಪಿನ ಜಾಗಕ್ಕೆ ಬಣ್ಣ ಬಂದಿದೆ. ನಾಯಕಿ ಮೇರಿಯನ್ ಕದ್ದೊಯ್ಯುವ 40,000 ಡಾಲರು 4,00,000 ಆಗಿದೆ. ಹಣ ಹತ್ತು ಪಟ್ಟು ಬೆಳೆಯಿತು, ಭಯ ಕುಗ್ಗಿತು.

ಅನ್ಯರ ಕೃತಿಯನ್ನು ಆಧರಿಸುವುದೇ ದೋಷವೆಂದು ನಮ್ಮ ಮತವಲ್ಲ. ಹಿಚ್‌ಕಾಕರೂ ರಾಬರ್ಟ್ ಬ್ಲಾಕ್ ಅವರ 1959ರ ಕಾದಂಬರಿಗೆ ಋಣಿಗಳೇ. ಆದರೆ ಕಾದಂಬರಿಯಲ್ಲಿ ವಸತಿಗೃಹದ ಒಡೆಯ ನಾರ್ಮನ್ ಬೇಟ್ಸ್ ನಡುವಯಸ್ಸಿನ, ಸ್ಥೂಲಕಾಯದ, ಕುಡಿತದ ಮನುಷ್ಯ. ಹಿಚ್‌ಕಾಕರು ಆ ಪಾತ್ರವನ್ನು ತೆಳ್ಳಗಿನ, ನಾಚಿಕೆಯ ಸ್ವಭಾವದ ಯುವಕ ಆಂಟನಿ ಪರ್ಕಿನ್ಸ್ ಅವರಿಗೆ ಕೊಟ್ಟರು. ಈ ನಾರ್ಮನ್ ಮೊದಲು ನಮ್ಮ ಮರುಕವನ್ನು ಗಳಿಸುತ್ತಾನೆ, ಭಯ ಆಮೇಲಿನದು. ಕಾದಂಬರಿ ನಾರ್ಮನ್‌ನಿಂದ ತೊಡಗಿದರೆ ಚಿತ್ರ ಮೇರಿಯನ್‌ಳಿಂದ ತೊಡಗುತ್ತದೆ. ಪ್ರಸಿದ್ಧ ನಟಿ ಜಾನೆಟ್ ಲೀ ಅವರ ಪಾತ್ರವೇ ಕಥೆಯ ಕೇಂದ್ರವೆಂದು ಪ್ರೇಕ್ಷಕನು ನಂಬಿ ಕುಳಿತಿರುವಾಗ, ಕಥೆ ಅರ್ಧ ದಾರಿ ಸಾಗುವ ಮುನ್ನವೇ ಸ್ನಾನದ ಮನೆಯ ಕೊಲೆ ಆ ಆಸರೆಯನ್ನು ಕಿತ್ತುಕೊಳ್ಳುತ್ತದೆ. ಆಟ ಮೊದಲಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಅಂದು ಚಿತ್ರಮಂದಿರಗಳಿಗೆ ಕಟ್ಟುಮಾಡಿದ್ದುದು ಇದಕ್ಕಾಗಿಯೇ.

38 ವರ್ಷಗಳ ತರುವಾಯ ಆ ಕೊಲೆಯನ್ನು ಅರಿಯದ ಚಿತ್ರರಸಿಕರು ವಿರಳ. ಅದೇ ಕೋನದಲ್ಲಿ ಕ್ಯಾಮರಾ ಇಟ್ಟರೆ ಅದೇ ನೆರಳು ಸಿಕ್ಕೀತು. ಪ್ರೇಕ್ಷಕನ ಆ ಹಿಂದಿನ ಮುಗ್ಧತೆ ಸಿಕ್ಕೀತೆ? ನಾರ್ಮನ್ ಆಗಿರುವ ವಿನ್ಸ್ ವಾನ್ ಎತ್ತರದ, ದೃಢಕಾಯದ ನಟರು. ಪರ್ಕಿನ್ಸರ ಅಳತೆಗೆ ಹೊಲಿದ ಮಾತುಗಳು ಅವರಿಗೆ ಒಗ್ಗುವುದಿಲ್ಲ. ಅವರ ಕಳವಳದ ನಗೆ ಮೊದಲ ಭೇಟಿಯಲ್ಲೇ ಸಂಶಯವನ್ನು ಹುಟ್ಟಿಸಿಬಿಡುತ್ತದೆ. ಕೊಲೆಯ ನಡುವೆ ನಿರ್ದೇಶಕರು ಸ್ವಂತವಾಗಿ ಸೇರಿಸಿದ ಮೋಡಗಳ ದೃಶ್ಯವಾದರೋ ರಸಭಂಗಕ್ಕೇ ಕಾರಣವಾಗಿದೆ.

ವ್ಯಾನ್ ಸಾಂಟ್ ಅಸಮರ್ಥರಲ್ಲ. ಹಿಂದಿನ ವರ್ಷವಷ್ಟೇ ‘ಗುಡ್ ವಿಲ್ ಹಂಟಿಂಗ್’ ಚಿತ್ರವನ್ನು ಕೊಟ್ಟವರು. ಆದುದರಿಂದಲೇ ನಮ್ಮ ನಿರಾಶೆ ಹೆಚ್ಚು.

ಗುರುಗಳು ಬರೆದುಕೊಟ್ಟ ಅಕ್ಷರದ ಮೇಲೆ ಮಗು ತಿದ್ದುವುದು ತಕ್ಕುದೇ. ಅದರಿಂದ ಕೈ ಪಳಗುತ್ತದೆ. ಆದರೆ ತಿದ್ದಿದ ಹಾಳೆಯನ್ನು ಮಡಿಚಿ ಪತ್ರವೆಂದು ಅಂಚೆಗೆ ಹಾಕುವವರುಂಟೆ? ಪಳಗಿದ ಕೈಗೆ ಹೇಳಲು ತನ್ನದೊಂದು ಮಾತು ಬೇಕು. ಈ ಚಿತ್ರದಲ್ಲಿ ನಾವು ಕಾಣದೆ ಹೋದದ್ದು ಆ ಮಾತನ್ನೇ.