ಜೀವಕೋಶದ ಜಾಲಕ್ಕೊಂದು ನಕ್ಷೆ: ಸೈಟೋಸ್ಕೇಪ್

ಜೀವಕೋಶದೊಳಗೆ ಪ್ರೋಟೀನುಗಳು ಪರಸ್ಪರ ಕೂಡಿ, ತಡೆದು, ಪ್ರಚೋದಿಸಿ ನಡೆಸುವ ವ್ಯವಹಾರವನ್ನು ಕೋಷ್ಟಕದ ಸಾವಿರಾರು ಸಾಲುಗಳಲ್ಲಿ ಓದಿ ಗ್ರಹಿಸುವುದು ದುಸ್ಸಾಧ್ಯ. ಸಿಯಾಟಲ್‌ನ ಇನ್‌ಸ್ಟಿಟ್ಯೂಟ್ ಫಾರ್ ಸಿಸ್ಟಮ್ಸ್ ಬಯಾಲಜಿಯಲ್ಲಿ ಹುಟ್ಟಿ 2002ರಲ್ಲಿ ಮೊದಲು ಬಿಡುಗಡೆಯಾದ ಸೈಟೋಸ್ಕೇಪ್ ಎಂಬ ಮುಕ್ತ ತಂತ್ರಾಂಶವು ಅಣುಗಳನ್ನು ಬಿಂದುಗಳಾಗಿಯೂ ಅವುಗಳ ಸಂಬಂಧಗಳನ್ನು ಗೆರೆಗಳಾಗಿಯೂ ಚಿತ್ರಿಸುತ್ತದೆ. ಇದರ ನಿಜವಾದ ಹೆಚ್ಚುಗಾರಿಕೆಯಿರುವುದು ದತ್ತಾಂಶವನ್ನು ರೂಪಕ್ಕೆ ಹೊಂದಿಸುವ ಕ್ರಮದಲ್ಲಿ: ಜೀನಿನ ಅಭಿವ್ಯಕ್ತಿ, ಎಂದರೆ ಅದು ಎಷ್ಟು ಸಕ್ರಿಯವಾಗಿದೆಯೆಂಬ ಅಳತೆ, ಏರಿದರೆ ಬಿಂದು ಕೆಂಪಾಗುವಂತೆ, ಇಳಿದರೆ ನೀಲಿಯಾಗುವಂತೆ, ಸಂಪರ್ಕಗಳು ಹೆಚ್ಚಿದಷ್ಟೂ ಅದರ ಗಾತ್ರ ಹಿಗ್ಗುವಂತೆ ಬಳಕೆದಾರರೇ ನಿಯಮ ವಿಧಿಸಬಹುದು. ಜಾಲ ತೀರಾ ದೊಡ್ಡದಾದರೆ ಚಿತ್ರವು ಸಿಕ್ಕುಬಿದ್ದ ನೂಲಿನ ಉಂಡೆಯಾಗುವುದುಂಟು. ಅದು ತಂತ್ರಾಂಶದ ದೋಷಕ್ಕಿಂತ, ಬೇಕಾದ ಭಾಗವನ್ನಷ್ಟೇ ಆರಿಸಿಕೊಳ್ಳದ ಸಂಶೋಧಕರ ದೋಷವೆನ್ನಬೇಕು. ಮೂಲಸಂಕೇತವು ತೆರೆದಿರುವುದರಿಂದ ಅನ್ಯರು ರಚಿಸಿದ ಪೂರಕ ಆ್ಯಪ್‌ಗಳೂ ಇದಕ್ಕೆ ಸೇರುತ್ತ ಬಂದಿವೆ. ಜೀವವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಉಚಿತವಾಗಿ ಇಳಿಸಿಕೊಂಡು ಬಳಸಬಹುದು.